ಬುಡಕಟ್ಟು ವಿದ್ಯಾರ್ಥಿಗಳನ್ನು ಆರೋಗ್ಯ ಸಂಶೋಧನೆಗೆ ಸಜ್ಜುಗೊಳಿಸುವುದು: ಮಲೆನಾಡಿನ ಮಾರ್ಗದರ್ಶಕರಿಗೆ ಸಮಗ್ರ ಕೈಪಿಡಿ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಹಾಸಿಗೆ ಹಿಡಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಅದುವರೆಗೆ ಯಾರಿಗೂ ಗೊತ್ತಿರದಿದ್ದ ವೈರಸ್ಸೊಂದನ್ನು ಗುರುತಿಸಿದರು. 1974-75ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ ಮತ್ತು ಬೆನ್ನಿನ ಕೀಲುಗಳನ್ನು ಹಿಡಿಯುವ ಮತ್ತೊಂದು ಕಾಯಿಲೆ ಬೆಳಕಿಗೆ ಬಂತು. ಅದಕ್ಕೆ ತುತ್ತಾದವರಲ್ಲಿ ಹೆಚ್ಚಿನವರು ದಲಿತ ಕುಟುಂಬಗಳವರು. ಈ ಎರಡು ಕಾಯಿಲೆಗಳ ಬಗ್ಗೆ ದೇಶ ವಿದೇಶಗಳ ನಿಯತಕಾಲಿಕೆಗಳಲ್ಲಿ ದಶಕಗಳಿಂದ ಪ್ರಬಂಧಗಳು ಬರುತ್ತಲೇ ಇವೆ. ಅವುಗಳಿಗಾಗಿ ತೋಳು ಚಾಚಿ ರಕ್ತ ಕೊಟ್ಟವರು ಮಲೆನಾಡಿನ ಕೂಲಿಕಾರರು ಮತ್ತು ಕಾಡಂಚಿನ ಕುಟುಂಬಗಳವರು. ಅಂಥ ಮನೆಗಳ ಮಕ್ಕಳು, ಅದರಲ್ಲೂ ಬುಡಕಟ್ಟು ಸಮುದಾಯಗಳ ಮಕ್ಕಳು, ಪ್ರಶ್ನೆಯನ್ನು ತಾವೇ ಕೇಳಿ ಉತ್ತರವನ್ನು ತಾವೇ ಬರೆಯುವ ಸಂಶೋಧಕರಾಗಲು ಅವರ ಜೊತೆ ನಿಲ್ಲುವ ಹಿರಿಯರು ಏನೇನು ಮಾಡಬೇಕು ಎಂಬುದೇ ಈ ಕೈಪಿಡಿಯ ವಿಷಯ. ಇದನ್ನು ಪದವಿ ಕಾಲೇಜುಗಳ ಅಧ್ಯಾಪಕರು, ವೈದ್ಯಕೀಯ ಕಾಲೇಜಿನ ಬೋಧಕರು, ತಾಲ್ಲೂಕು ಮಟ್ಟದ ವೈದ್ಯರು ಮತ್ತು ಪ್ರಯೋಗಾಲಯಗಳಲ್ಲಿ ದುಡಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಹಂತ 1: ಯಾರ ಜೊತೆ ಕೆಲಸ ಮಾಡುತ್ತೀರಿ ಎಂಬುದನ್ನು ಮೊದಲು ತಿಳಿಯಿರಿ

ಮಲೆನಾಡಿನ ಬುಡಕಟ್ಟು ಎಂದರೆ ಒಂದೇ ಸಮುದಾಯವಲ್ಲ. ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕೊಪ್ಪದ ಕಡೆ ಹಸಲರು ಮತ್ತು ಗೌಡಲು ಸಮುದಾಯದವರಿದ್ದಾರೆ. ಶಿವಮೊಗ್ಗದ ಸುತ್ತ ಹಕ್ಕಿಪಿಕ್ಕಿಗಳ ಕ್ಯಾಂಪುಗಳಿವೆ. ಘಟ್ಟದ ಅಂಚಿಗೆ ಮಲೆಕುಡಿಯರಿದ್ದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಇವರೆಲ್ಲರ ಭಾಷೆ, ಕಸುಬು, ಭೂಮಿಯೊಂದಿಗಿನ ಸಂಬಂಧ ಬೇರೆ ಬೇರೆ. ಹಕ್ಕಿಪಿಕ್ಕಿ ಹುಡುಗನ ಮನೆಮಾತು ವಾಗ್ರಿ; ಅವನಿಗೆ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಹಸಲರ ಕೇರಿಯ ಹುಡುಗಿಗೆ ಕನ್ನಡ ಸಲೀಸು, ಆದರೆ ಅವಳ ತಂದೆತಾಯಿ ಅಡಿಕೆ ತೋಟದ ಕೂಲಿಯನ್ನೇ ನಂಬಿದವರಾಗಿರಬಹುದು. ಪರಿಶಿಷ್ಟ ಪಂಗಡ ಎಂಬ ಒಂದೇ ಹೆಸರಿನಡಿ ಬರುವ ಎಲ್ಲರ ಸ್ಥಿತಿಯೂ ಒಂದೇ ಎಂದು ಎಣಿಸಿದರೆ ತೀರಾ ಸಣ್ಣ ಸಮುದಾಯಗಳ ಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನದಲ್ಲಿಟ್ಟುಕೊಳ್ಳಬೇಕು. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯಡಿ ಬುಡಕಟ್ಟು ಜನರ ಪ್ರದೇಶವೆಂದು ಘೋಷಿತವಾದ ಜಾಗವೇ ಇಲ್ಲ. ನಮ್ಮ ಬುಡಕಟ್ಟು ಕುಟುಂಬಗಳು ಬೇರೆಯವರ ಊರುಗಳ ಅಂಚಿನಲ್ಲಿ, ಐದು ಹತ್ತು ಮನೆಗಳ ಕೇರಿಗಳಲ್ಲಿ ಚದುರಿವೆ. ಹೀಗಾಗಿ ಜಿಲ್ಲೆಯ ಆರೋಗ್ಯ ಅಂಕಿ ಅಂಶಗಳ ಸರಾಸರಿಯಲ್ಲಿ ಅವರ ಕಾಯಿಲೆ, ಅವರ ತಾಯಂದಿರ ರಕ್ತಹೀನತೆ, ಅವರ ಮಕ್ಕಳ ತೂಕ ಎಲ್ಲವೂ ಕರಗಿಹೋಗುತ್ತವೆ. ಡಾ. ಅಭಯ್ ಬಂಗ್ ಅವರ ಅಧ್ಯಕ್ಷತೆಯ ಪರಿಣತರ ಸಮಿತಿ 2018ರಲ್ಲಿ ಕೊಟ್ಟ ವರದಿಯೂ ಬುಡಕಟ್ಟು ಜನರ ಆರೋಗ್ಯದ ಕುರಿತು ಪ್ರತ್ಯೇಕ ಮಾಹಿತಿಯ ಕೊರತೆಯನ್ನು ಎತ್ತಿ ತೋರಿಸಿತ್ತು. ಆ ಕೊರತೆ ಎಲ್ಲಿದೆ ಎಂಬುದನ್ನು ಕೇರಿಯಲ್ಲೇ ಬೆಳೆದ ವಿದ್ಯಾರ್ಥಿಯಷ್ಟು ಬೇಗ ಬೇರೆಯವರು ಕಾಣಲಾರರು, ಅವಳ ಸಂಶೋಧನೆಗೆ ಬೆಲೆ ಬರುವುದೂ ಇದರಿಂದಲೇ.

ಹಂತ 2: ವಿದ್ಯಾರ್ಥಿಯನ್ನು ಸರಿಯಾದ ಹೊತ್ತಿಗೆ ಕಾಣಿರಿ, ಮನೆಯವರನ್ನೂ ಕಾಣಿರಿ

ಎಂ.ಎಸ್ಸಿ. ಮುಗಿದ ಮೇಲೆ ಹುಡುಕಲು ಹೊರಟರೆ ನಿಮಗೆ ಸಿಗುವವರು ಬೆರಳೆಣಿಕೆಯಷ್ಟು ಮಾತ್ರ, ಏಕೆಂದರೆ ದಾರಿ ತಪ್ಪುವುದು ಬಹಳ ಮೊದಲೇ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರುವಾಗ ವಿಜ್ಞಾನ ಬೇಡ, ಕಷ್ಟ ಎಂದು ಯಾರೋ ಹೇಳಿದ ಒಂದು ಮಾತು, ಮತ್ತು ಪಿಯುಸಿ ಮುಗಿದ ಮೇಲೆ ನೀಟ್‌ನಲ್ಲಿ ಅಂಕ ಬರಲಿಲ್ಲವೆಂದು ಓದನ್ನೇ ಬಿಡುವ ನಿರ್ಧಾರ, ಈ ಎರಡು ತಿರುವುಗಳಲ್ಲೇ ಹೆಚ್ಚಿನವರು ಕೈಜಾರುತ್ತಾರೆ. ಆದ್ದರಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಏಕಲವ್ಯ ಮಾದರಿ ವಸತಿ ಶಾಲೆಗಳು, ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳು, ಸಹ್ಯಾದ್ರಿ ವಿಜ್ಞಾನ ಕಾಲೇಜಿನಂಥ ಪದವಿ ಕಾಲೇಜುಗಳು, ಇವುಗಳ ವಾರ್ಡನ್ ಮತ್ತು ಅಧ್ಯಾಪಕರೊಂದಿಗೆ ಪರಿಚಯ ಬೆಳೆಸಿಕೊಳ್ಳಿ. ಅಂಕಪಟ್ಟಿಯಲ್ಲಿ ಮೇಲಿರುವವರನ್ನಷ್ಟೇ ಆರಿಸಬೇಡಿ. ಆಸ್ಪತ್ರೆಗೆ ಅಜ್ಜಿಯನ್ನು ಕರೆದೊಯ್ದು ಚೀಟಿ ಓದಿ ಹೇಳುವವರು ಯಾರು, ಆಶಾ ಕಾರ್ಯಕರ್ತೆಯ ರಿಜಿಸ್ಟರ್ ತುಂಬಲು ನೆರವಾಗುವವರು ಯಾರು ಎಂದು ವಿಚಾರಿಸಿದರೆ ಒಳ್ಳೆಯ ಹೆಸರುಗಳು ಸಿಗುತ್ತವೆ.

ಹೆತ್ತವರನ್ನು ಕಾಲೇಜಿಗೆ ಕರೆಸುವ ಬದಲು ನೀವೇ ಅವರ ಮನೆಗೆ ಹೋಗುವುದು ಲೇಸು. ಗದ್ದೆ ನಾಟಿಯ ವಾರಗಳಲ್ಲಿ, ಅಡಿಕೆ ಕೊನೆ ಕೊಯ್ಲಿನ ದಿನಗಳಲ್ಲಿ ಹೋದರೆ ಅವರ ಒಂದು ದಿನದ ಕೂಲಿ ತಪ್ಪುತ್ತದೆ. ಸಂಜೆಯ ಹೊತ್ತು, ಅದೂ ಮೊದಲೇ ಹೇಳಿಕಳಿಸಿ ಹೋಗಿ. ಸಂಶೋಧನೆ ಎಂದರೆ ಏನು, ಅದರಲ್ಲಿ ಸಂಬಳ ಯಾವಾಗ ಬರುತ್ತದೆ, ಮಗಳು ಎಷ್ಟು ವರ್ಷ ಹೊರಗಿರಬೇಕು, ಎಲ್ಲಿ ಉಳಿಯುತ್ತಾಳೆ ಎಂಬ ನಾಲ್ಕು ಪ್ರಶ್ನೆಗಳಿಗೆ ಸುತ್ತಿಬಳಸದೆ ಉತ್ತರ ಹೇಳಬೇಕು. ಪಿಎಚ್.ಡಿ. ಮುಗಿಯಲು ಪದವಿಯ ನಂತರ ಏಳೆಂಟು ವರ್ಷ ಹಿಡಿಯಬಹುದು ಎಂಬುದನ್ನು ಮರೆಮಾಚಬೇಡಿ. ನಡುವೆ ಫೆಲೋಶಿಪ್ ಹಣ ಬರುತ್ತದೆ ಎಂಬುದನ್ನೂ ಹೇಳಿ. ಮನೆಯ ಹಿರಿಯರು, ಎಷ್ಟೋ ಸಲ ಅಜ್ಜಿ, ಒಪ್ಪಿದರೆ ಮುಂದಿನ ಅರ್ಧ ತೊಡಕು ಕಳೆದಂತೆ.

ಹಂತ 3: ಕಾಗದಪತ್ರಗಳನ್ನು ಮೊದಲ ವರ್ಷವೇ ಸರಿಪಡಿಸಿ

ನೀರಸವೆನಿಸಿದರೂ ಈ ಹಂತವನ್ನು ದಾಟಿ ಹೋಗುವಂತಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಇವೆಲ್ಲದರಲ್ಲೂ ಹೆಸರಿನ ಅಕ್ಷರಗಳು ಒಂದೇ ರೀತಿ ಇವೆಯೇ ಎಂದು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ವಿದ್ಯಾರ್ಥಿವೇತನದ ಅರ್ಜಿ ತಡೆಹಿಡಿಯಲ್ಪಡುತ್ತದೆ. ರಾಜ್ಯದ ವಿದ್ಯಾರ್ಥಿವೇತನದ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸಲ್ಲಿಸಿದ ಅರ್ಜಿಯ ಹಣ ಆಧಾರ್ ಜೋಡಣೆಯಾದ ಖಾತೆಗೇ ಬರುವುದರಿಂದ ಆ ಜೋಡಣೆಯನ್ನು ಬ್ಯಾಂಕಿನಲ್ಲಿ ಖುದ್ದಾಗಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಪರಿಶಿಷ್ಟ ಪಂಗಡದ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಮುಂದೆ ಜಾತಿ ಪ್ರಮಾಣಪತ್ರ ನಿಜವೆಂದು ದೃಢಪಡಿಸುವ ಸಿಂಧುತ್ವ ಪ್ರಮಾಣಪತ್ರ ಬೇಕಾಗುವ ಸಂದರ್ಭ ಬರಬಹುದು. ತಂದೆಯ ಅಥವಾ ಅಜ್ಜನ ಶಾಲಾ ದಾಖಲೆ ಎಲ್ಲಿದೆ ಎಂದು ಹುಡುಕಿಟ್ಟುಕೊಳ್ಳಲು ಈಗಲೇ ಹೇಳಿ. ಇವುಗಳ ಒಂದು ಪ್ರತಿ ವಿದ್ಯಾರ್ಥಿಯ ಮೊಬೈಲ್‌ನಲ್ಲಿ, ಇನ್ನೊಂದು ಪ್ರತಿ ಫೈಲಿನಲ್ಲಿ ಇರಲಿ. ಮೂಲಪ್ರತಿಗಳನ್ನು ಮಾತ್ರ ಯಾವ ಸಂಸ್ಥೆಯೂ, ನೀವೂ, ಇಟ್ಟುಕೊಳ್ಳಬಾರದು.

ಹಂತ 4: ಡಾಕ್ಟರ್ ಅಲ್ಲದ ದಾರಿಗಳನ್ನೂ ತೆರೆದಿಡಿ

ಆರೋಗ್ಯ ಸಂಶೋಧನೆ ಎಂದ ಕೂಡಲೇ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು ಎಂಬಿಬಿಎಸ್. ಅದು ಒಂದು ದಾರಿ ಮಾತ್ರ. ಎಂಬಿಬಿಎಸ್‌ಗೆ ಸೇರಿದ ವಿದ್ಯಾರ್ಥಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ನಡೆಸುವ ಎರಡು ತಿಂಗಳ ಅಲ್ಪಾವಧಿ ವಿದ್ಯಾರ್ಥಿ ಸಂಶೋಧನಾ ಯೋಜನೆ ಒಳ್ಳೆಯ ಆರಂಭ. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿರುವ ಬೋಧಕರು ತಮ್ಮ ಕಾಲೇಜಿನ ಬುಡಕಟ್ಟು ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲೇ ಇದನ್ನು ಹೇಳಬೇಕು.

ನೀಟ್ ದಾಟಲಾಗದವರಿಗೆ ಬಾಗಿಲು ಮುಚ್ಚಿತು ಎಂಬ ಭಾವನೆಯನ್ನು ನಿವಾರಿಸುವುದು ಮಾರ್ಗದರ್ಶಕರ ಮುಖ್ಯ ಕೆಲಸಗಳಲ್ಲಿ ಒಂದು. ಬಿ.ಎಸ್ಸಿ.ಯಲ್ಲಿ ಸೂಕ್ಷ್ಮಾಣುಜೀವಿ ವಿಜ್ಞಾನ, ಪ್ರಾಣಿಶಾಸ್ತ್ರ, ಜೀವರಸಾಯನ ಓದಿದವರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡಿ ವೈರಸ್, ಉಣುಗು, ಔಷಧ ಸಸ್ಯಗಳ ಸಂಶೋಧನೆಗೆ ಹೋಗಬಹುದು. ಸಂಖ್ಯಾಶಾಸ್ತ್ರ ಓದಿದವರಿಗೆ ಆರೋಗ್ಯ ಸಂಶೋಧನೆಯಲ್ಲಿ ಒಳ್ಳೆಯ ಬೇಡಿಕೆ ಇದೆ, ಆದರೆ ನಮ್ಮ ಕಾಲೇಜುಗಳಲ್ಲಿ ಇದನ್ನು ಹೇಳುವವರು ಕಡಿಮೆ. ಬಿ.ಎಸ್ಸಿ. ನರ್ಸಿಂಗ್, ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ, ಫಾರ್ಮಸಿ, ಸಮಾಜಕಾರ್ಯ, ಮಾನವಶಾಸ್ತ್ರ, ಇವುಗಳಿಂದಲೂ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೆ ದಾರಿ ಇದೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗವಿಜ್ಞಾನ ಸಂಸ್ಥೆ, ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಮತ್ತು ನಿಮ್ಹಾನ್ಸ್, ಬೆಳಗಾವಿಯ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ, ಬುಡಕಟ್ಟು ಆರೋಗ್ಯಕ್ಕೆಂದೇ ಜಬಲ್ಪುರದಲ್ಲಿರುವ ಐಸಿಎಂಆರ್ ಸಂಸ್ಥೆ, ಈ ಹೆಸರುಗಳನ್ನು ವಿದ್ಯಾರ್ಥಿ ಪದವಿಯ ಮೊದಲ ವರ್ಷವೇ ಕೇಳಿರಬೇಕು. ಊರಿನ ಹತ್ತಿರದ ಉದಾಹರಣೆ ಬೇಕಾದರೆ, ವಿಡಿಎಲ್ ಎಂದೇ ಎಲ್ಲರೂ ಕರೆಯುವ ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯವಿದೆ. ಮಂಗನ ಕಾಯಿಲೆಯ, ಅಂದರೆ ಆರಂಭದಲ್ಲಿ ಹೇಳಿದ ಕ್ಯಾಸನೂರು ಕಾಡಿನ ಜ್ವರದ, ಮಾದರಿ ಅಲ್ಲಿಗೆ ಹೇಗೆ ತಲುಪುತ್ತದೆ, ಫಲಿತಾಂಶ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಗೆ ಮರಳುತ್ತದೆ ಎಂದು ಅಲ್ಲಿನ ಸಿಬ್ಬಂದಿಯಿಂದ ಕೇಳಿದ ವಿದ್ಯಾರ್ಥಿಗೆ ಆರೋಗ್ಯ ಸಂಶೋಧನೆ ಯಾವುದೋ ದೂರದ ಊರಿನ ಕೆಲಸವೆಂದು ಅನ್ನಿಸುವುದಿಲ್ಲ.

ಹಂತ 5: ಮೊದಲ ಪ್ರಶ್ನೆ ವಿದ್ಯಾರ್ಥಿಯದೇ ಆಗಿರಲಿ

ಇಡೀ ಕೈಪಿಡಿಯಲ್ಲಿ ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಈ ಹಂತವನ್ನು. ಬುಡಕಟ್ಟು ವಿದ್ಯಾರ್ಥಿ ಸಿಕ್ಕ ಕೂಡಲೇ ಸಂಶೋಧನಾ ತಂಡಗಳು ಅವಳನ್ನು ಕೇರಿಗೆ ದಾರಿ ತೋರಿಸಲು, ಪ್ರಶ್ನಾವಳಿ ತುಂಬಿಸಲು, ಮಾತು ಅನುವಾದಿಸಲು ಬಳಸಿಕೊಳ್ಳುತ್ತವೆ. ಅದೂ ಕಲಿಕೆಯೇ, ಸಂಬಳ ಕೊಟ್ಟರೆ ಉದ್ಯೋಗವೂ ಹೌದು. ಆದರೆ ವರ್ಷಗಟ್ಟಲೆ ಅಷ್ಟನ್ನೇ ಮಾಡಿಸಿದರೆ ಅವಳು ಬೇರೆಯವರ ಪ್ರಶ್ನೆಗೆ ಉತ್ತರ ಹೊತ್ತು ತರುವವಳಾಗಿಯೇ ಉಳಿಯುತ್ತಾಳೆ. ಮೊದಲ ವರ್ಷದಲ್ಲೇ ಅವಳದೇ ಒಂದು ಸಣ್ಣ ಪ್ರಶ್ನೆ, ಅವಳದೇ ನೋಟ್‌ಬುಕ್, ಅವಳದೇ ತೀರ್ಮಾನ ಇರಬೇಕು.

ಪ್ರಶ್ನೆಯನ್ನು ರೂಪಿಸುವ ಬಗೆಯನ್ನು ಒಂದು ಉದಾಹರಣೆಯ ಮೂಲಕ ಹೇಳುತ್ತೇನೆ. ಮಂಗನ ಕಾಯಿಲೆ ಹರಡುವುದು ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗಿನ ಮರಿಗಳ ಕಡಿತದಿಂದ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಜನ ಸೌದೆಗೆ, ದರಗಿಗೆ (ಒಣಗಿದ ತರಗೆಲೆಗೆ) ಕಾಡು ಹೊಕ್ಕುವ ಕಾಲದಲ್ಲೇ, ರೋಗ ಹೆಚ್ಚು. ಮನುಷ್ಯರಿಂದ ಮನುಷ್ಯರಿಗೆ ಅದು ಹರಡುವುದಿಲ್ಲ. ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಡೀಪಾ ತೈಲವನ್ನು ಆರೋಗ್ಯ ಇಲಾಖೆ ಹಂಚುತ್ತದೆ. ಬಿ.ಎಸ್ಸಿ. ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಒಮ್ಮೆ, "ನಮ್ಮ ಕೇರೀಲಿ ಆ ಎಣ್ಣೆ ಯಾರೂ ಹಚ್ಕೊಳಲ್ಲ ಸರ್" ಎಂದಳು. ಇಂಥ ಮಾತು ಬಂದಾಗ ಮಾರ್ಗದರ್ಶಕರು ತಟ್ಟನೆ ಜನಜಾಗೃತಿಯ ಕೊರತೆ ಎಂದು ತೀರ್ಪು ಕೊಡಬಾರದು. ಯಾರೂ ಎಂದರೆ ಯಾರು, ಗಂಡಸರೋ ಹೆಂಗಸರೋ ಎಂದು ಕೇಳಿ. ಎಣ್ಣೆ ಮನೆಗೆ ಬಂದಿದೆಯೇ, ಬಂದರೆ ಯಾರ ಕೈಗೆ ಬಂತು, ಎಲ್ಲಿಟ್ಟಿದ್ದಾರೆ ಎಂದು ಕೇಳಿ. ಕಾಡಿಗೆ ಹೋಗುವ ಹೊತ್ತು ಯಾವುದು, ಬೆವರಿದ ಮೇಲೆ ಎಣ್ಣೆ ನಿಲ್ಲುತ್ತದೆಯೇ, ತೋಟದಲ್ಲಿ ಕೆಲಸ ಮಾಡುವಾಗ ಮತ್ತೆ ಹಚ್ಚಲು ಬಿಡುವು ಸಿಗುತ್ತದೆಯೇ ಎಂದು ಕೇಳಿ.

ಅವಳು ತಂದ ನೋಟ್‌ಬುಕ್ಕಿನಲ್ಲಿ ಪ್ರತಿ ಮನೆಗೆ ಒಂದು ಸಾಲು ಇತ್ತು. ಕಾಡಿಗೆ ಹೋಗುವವರು ಯಾರು, ಬಾಟಲಿ ಇದೆಯೇ, ಎಲ್ಲಿದೆ, ಕೊನೆಯ ಸಲ ಹಚ್ಚಿದ್ದು ಯಾವಾಗ, ಹಚ್ಚದಿದ್ದರೆ ಏಕೆ ಎಂದು ಐದು ಅಂಕಣಗಳನ್ನು ಅವಳೇ ಗೆರೆ ಎಳೆದು ಮಾಡಿದ್ದಳು. ಹೆಚ್ಚಿನ ಮನೆಗಳಲ್ಲಿ ಬಾಟಲಿ ಇತ್ತು, ಆದರೆ ಅದು ಗಂಡಸರ ಅಂಗಿ ತೂಗುಹಾಕುವ ಗೂಟದ ಬಳಿ ಇತ್ತು. ದರಗು ಗುಡಿಸಲು ಹೋಗುತ್ತಿದ್ದವರು ಹೆಂಗಸರು. ಯಾರೂ ಹಚ್ಚುವುದಿಲ್ಲ ಎಂಬ ಒಂದು ಮಾತು ಹೀಗೆ ಎಣ್ಣೆ ಯಾರ ಕೈಗೆ ಸೇರುತ್ತದೆ, ಕಾಡಿಗೆ ಯಾರು ಹೋಗುತ್ತಾರೆ ಎಂಬ ಅಳೆಯಬಹುದಾದ ಪ್ರಶ್ನೆಯಾಯಿತು. ಮುಂದಿನ ಹೆಜ್ಜೆ ಲೆಕ್ಕದ್ದು. ಎಷ್ಟು ಮನೆಗಳಲ್ಲಿ ಎಷ್ಟು, ಕೇಳಿದವರೆಷ್ಟು, ಸಿಗದವರೆಷ್ಟು, ಬಾಗಿಲು ಹಾಕಿದ್ದ ಮನೆಗಳನ್ನು ಬಿಟ್ಟರೆ ಉತ್ತರ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಅವಳಿಂದಲೇ ಬರೆಸಿ. ಛೇದ ಎಂಬ ಶಾಲೆಯ ಗಣಿತದ ಪದಕ್ಕೆ ಅಲ್ಲಿ ಜೀವ ಬರುತ್ತದೆ. ಒಂದು ಕೇರಿಯ ಈ ಅಭ್ಯಾಸದಿಂದ ಇಡೀ ತಾಲ್ಲೂಕಿನ ಬಗ್ಗೆ ಮಾತಾಡಲಾಗದು ಎಂಬುದನ್ನೂ ಅದೇ ದಿನ ಹೇಳಿಕೊಡಿ.

ಈ ಅಭ್ಯಾಸದಲ್ಲಿ ಸುರಕ್ಷತೆಗೆ ರಾಜಿ ಸಲ್ಲದು. ಬಿಳಿ ಬಟ್ಟೆಯನ್ನು ನೆಲದ ತರಗೆಲೆಯ ಮೇಲೆ ಎಳೆದು, ಅದಕ್ಕೆ ಅಂಟಿದ ಉಣುಗುಗಳನ್ನು ಚಿಮುಟದಿಂದ ಹಿಡಿದು ಸೀಸೆಗೆ ಹಾಕುವುದನ್ನು ತರಬೇತಾದ ತಂಡದ ಜೊತೆ ನೋಡಬಹುದು. ವಿದ್ಯಾರ್ಥಿ ತಾನೇ ಹೋಗಿ ಉಣುಗು ಹಿಡಿಯಬಾರದು. ರೋಗದ ಕಾಲದಲ್ಲಿ ಕಾಡಿನೊಳಗಿನ ಅಭ್ಯಾಸವನ್ನು ಕೈಬಿಟ್ಟು ಮನೆಯಂಗಳದಲ್ಲಿ ಮಾಡಬಹುದಾದ ಪ್ರಶ್ನೆಯನ್ನೇ ಆರಿಸಿ. ಜ್ವರ ಬಂದರೆ ತಡಮಾಡದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಹೇಳಬೇಕೆಂದು ಮೊದಲೇ ತಿಳಿಸಿ.

ಹಂತ 6: ವಾರಕ್ಕೊಮ್ಮೆ ಕುಳಿತು ಓದಿಸಿ, ಬರೆಸಿ

ಭೇಟಿಯ ಹೊತ್ತನ್ನು ವಿದ್ಯಾರ್ಥಿಯ ಬಸ್ಸಿನ ವೇಳೆ ನೋಡಿ ಗೊತ್ತುಮಾಡಿ. ಆಗುಂಬೆ ಕಡೆಯಿಂದಲೋ ಹೊಸನಗರ ತಾಲ್ಲೂಕಿನ ನಗರ ಹೋಬಳಿಯಿಂದಲೋ ಬರುವವರಿಗೆ ಸಂಜೆ ಐದರ ಭೇಟಿ ಎಂದರೆ ರಾತ್ರಿ ಮನೆ ಸೇರದಿರುವುದು. ವಾರಕ್ಕೆ ಒಂದು ಗಂಟೆ ಸಾಕು, ಆದರೆ ತಪ್ಪದೆ ನಡೆಯಬೇಕು.

ಇಂಗ್ಲಿಷಿನ ಬಗ್ಗೆ ನನ್ನ ನಿಲುವು ಹೀಗಿದೆ. ಯೋಚನೆ ಮತ್ತು ಚರ್ಚೆ ಕನ್ನಡದಲ್ಲಿ ನಡೆಯಲಿ. ಓದು ಮತ್ತು ಬರಹಕ್ಕೆ ಇಂಗ್ಲಿಷನ್ನು ಮೊದಲ ವಾರದಿಂದಲೇ ಸ್ವಲ್ಪಸ್ವಲ್ಪವಾಗಿ ತನ್ನಿ. ಭಾಷೆ ಬಂದ ಮೇಲೆ ವಿಜ್ಞಾನ ಎಂದು ಕಾಯುತ್ತ ಕೂತರೆ ಎರಡೂ ಬರುವುದಿಲ್ಲ. ಪ್ರಬಂಧವನ್ನು ಓದಿಸುವಾಗ ಮೊದಲು ಕೋಷ್ಟಕವನ್ನು ತೋರಿಸಿ, ಆ ಕೋಷ್ಟಕ ಏನು ಹೇಳುತ್ತದೆ ಎಂದು ಕನ್ನಡದಲ್ಲಿ ಎರಡು ವಾಕ್ಯ ಬರೆಸಿ, ಆಮೇಲೆ ಲೇಖಕರು ಅದೇ ಕೋಷ್ಟಕದ ಬಗ್ಗೆ ಬರೆದಿರುವುದನ್ನು ಓದಿಸಿ. ಇಬ್ಬರ ತೀರ್ಮಾನ ಬೇರೆಯಾದರೆ ಯಾರದು ಸರಿ ಎಂದು ವಾದಿಸಲು ಬಿಡಿ. ಕ್ಯಾಸನೂರು ಕಾಡಿನ ಕಾಯಿಲೆಯ ಹಳೆಯ ಪ್ರಬಂಧಗಳನ್ನು ಓದುವಾಗ ತನಗೆ ಗೊತ್ತಿರುವ ಊರುಗಳ ಹೆಸರು ಅಚ್ಚಾಗಿರುವುದನ್ನು ಕಂಡ ವಿದ್ಯಾರ್ಥಿಗೆ ಓದುವ ಹುರುಪು ತಾನಾಗಿಯೇ ಬರುತ್ತದೆ.

ಸಂಖ್ಯಾಶಾಸ್ತ್ರವನ್ನು ಎಕ್ಸೆಲ್‌ನಲ್ಲೇ ಆರಂಭಿಸಬಹುದು. ಕಂಪ್ಯೂಟರ್ ಇಲ್ಲದ ವಿದ್ಯಾರ್ಥಿಗೆ ಕಾಲೇಜಿನ ಒಂದು ಯಂತ್ರವನ್ನು ವಾರದಲ್ಲಿ ನಿಗದಿತ ಹೊತ್ತು ಬಿಟ್ಟುಕೊಡುವಂತೆ ಪ್ರಾಂಶುಪಾಲರೊಂದಿಗೆ ಮಾತಾಡುವುದು ನಿಮ್ಮ ಕೆಲಸ. ಇಷ್ಟೆಲ್ಲ ನೆರವು ಕೊಡುತ್ತಿರುವಾಗ ಗುಣಮಟ್ಟವನ್ನು ಮಾತ್ರ ಇಳಿಸಬೇಡಿ. ಪಾಪ, ಬುಡಕಟ್ಟಿನ ಹುಡುಗಿ, ಇಷ್ಟಾದರೂ ಮಾಡಿದಳಲ್ಲ ಎಂಬ ಕನಿಕರ ಅವಳಿಗೆ ಮಾಡುವ ಅವಮಾನ. ತಪ್ಪಿದ್ದರೆ ತಪ್ಪೆಂದು ಹೇಳಿ, ಮತ್ತೆ ಬರೆಸಿ.

ಹಂತ 7: ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿ, ಖರ್ಚನ್ನು ಮುಂಗಡವಾಗಿ ಕೊಡಿಸಿ

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಪದವಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಅರ್ಜಿ ಹಾಕಬಹುದು. ಅಧ್ಯಾಪಕರಾದ ನೀವೂ ಹಾಕಿ. ಕೇಳಬೇಕಾದ ಪ್ರಶ್ನೆ ಒಂದೇ: ಹಣ ಯಾವಾಗ ಕೈಗೆ ಬರುತ್ತದೆ? ಬಹುತೇಕ ಯೋಜನೆಗಳಲ್ಲಿ ಖರ್ಚು ಮಾಡಿದ ಮೇಲೆ ರಸೀದಿ ಕೊಟ್ಟರೆ ಹಣ. ರೈಲಿನ ಟಿಕೆಟ್, ಪಿಜಿಯ ಮುಂಗಡ, ಮೊದಲ ತಿಂಗಳ ಊಟ ಇವನ್ನು ಕೂಲಿಯ ಮನೆ ಎಲ್ಲಿಂದ ತರಬೇಕು? ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘವೋ ಊರಿನ ಸಹಕಾರಿ ಸಂಘವೋ ಮುಂಗಡ ಕೊಟ್ಟು ಹಣ ಬಂದಾಗ ಹಿಂಪಡೆಯುವ ಏರ್ಪಾಡು ಮಾಡಿಕೊಂಡರೆ ಎಷ್ಟೋ ಅವಕಾಶಗಳು ಕೈತಪ್ಪುವುದಿಲ್ಲ.

ಹೋಗುವ ಮೊದಲು ಆ ಪ್ರಯೋಗಾಲಯದ ಹಿರಿಯ ವಿದ್ಯಾರ್ಥಿಯೊಬ್ಬರ ಪರಿಚಯ ಮಾಡಿಸಿ. ಅಲ್ಲಿ ಮೀಸಲಾತಿಯ ಬಗ್ಗೆ ಚುಚ್ಚುಮಾತು ಕೇಳಿಬರಬಹುದು. ಬಂದರೆ ಯಾರಿಗೆ ಹೇಳಬೇಕು ಎಂಬುದು ಅವಳಿಗೆ ಹೋಗುವ ಮೊದಲೇ ಗೊತ್ತಿರಬೇಕು. ಪ್ರತಿ ಸಂಸ್ಥೆಯಲ್ಲೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಘಟಕ ಮತ್ತು ಅದರ ಸಂಪರ್ಕಾಧಿಕಾರಿ ಯಾರು ಎಂದು ವಿಚಾರಿಸಿ ಫೋನ್ ನಂಬರ್ ಬರೆದುಕೊಡಿ.

ಹಂತ 8: ತನ್ನವರ ನಡುವೆ ಸಂಶೋಧನೆ ಮಾಡುವ ನೀತಿಯನ್ನು ಕಲಿಸಿ

ಅಮೆರಿಕದ ಅರಿಜೋನಾದಲ್ಲಿ ಹವಾಸುಪಾಯಿ ಮೂಲನಿವಾಸಿಗಳಿಂದ 1990ರ ದಶಕದಲ್ಲಿ ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ರಕ್ತ ಪಡೆಯಲಾಯಿತು. ಆ ಮಾದರಿಗಳನ್ನು ಮುಂದೆ ಮನೋರೋಗ ಮತ್ತು ಸಮುದಾಯದ ವಲಸೆಯ ಮೂಲದಂಥ ಬೇರೆ ವಿಷಯಗಳ ಅಧ್ಯಯನಗಳಿಗೂ ಬಳಸಿದ್ದು ಗೊತ್ತಾದಾಗ ಅವರು ನ್ಯಾಯಾಲಯಕ್ಕೆ ಹೋದರು. 2010ರಲ್ಲಿ ಆ ಅಧ್ಯಯನ ನಡೆಸಿದ್ದ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಪರಿಹಾರ ಕೊಟ್ಟು, ಉಳಿದಿದ್ದ ಮಾದರಿಗಳನ್ನು ಹಿಂದಿರುಗಿಸಿ ಒಪ್ಪಂದ ಮಾಡಿಕೊಂಡಿತು. ನಮ್ಮ ಪಕ್ಕದ ಕೇರಳದಲ್ಲಿ ಕಾಣಿ ಬುಡಕಟ್ಟಿನವರು ತೋರಿಸಿದ ಆರೋಗ್ಯಪಚ್ಚ ಎಂಬ ಗಿಡದಿಂದ ತಯಾರಾದ ಔಷಧದ ಲಾಭದಲ್ಲಿ ಅವರಿಗೂ ಪಾಲು ಕೊಡುವ ಏರ್ಪಾಡಾಯಿತು. ಈ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ವಿದ್ಯಾರ್ಥಿಯೊಂದಿಗೆ ಒಂದು ಪೂರ್ಣ ದಿನ ಚರ್ಚಿಸುವುದು ಸಾರ್ಥಕ. 2017ರ ಐಸಿಎಂಆರ್ ನೀತಿಸಂಹಿತೆಯಲ್ಲಿ ಬುಡಕಟ್ಟು ಜನರ ಕುರಿತಿರುವ ಭಾಗವನ್ನೂ, 2002ರ ಜೀವವೈವಿಧ್ಯ ಕಾಯ್ದೆಯ ತಿರುಳನ್ನೂ ಅವಳು ಓದಿರಬೇಕು.

ಕೇರಿಯ ಮಗಳೇ ಸಂಶೋಧಕಿಯಾಗಿ ಬಂದಾಗ ಹೊಸ ತೊಡಕುಗಳು ಹುಟ್ಟುತ್ತವೆ. ದೊಡ್ಡಮ್ಮನೋ ಅತ್ತೆಯೋ ಅವಳಿಗೆ ಬೇಡ ಎನ್ನಲಾರರು. ಆ ದಾಕ್ಷಿಣ್ಯದ ಒಪ್ಪಿಗೆಯನ್ನು ಒಪ್ಪಿಗೆ ಎಂದು ಎಣಿಸುವಂತಿಲ್ಲ. ಹತ್ತಿರದ ಸಂಬಂಧಿಕರಿಂದ ಒಪ್ಪಿಗೆ ಪಡೆಯುವ ಕೆಲಸವನ್ನು ತಂಡದ ಬೇರೆಯವರಿಗೆ ವಹಿಸಿ. ಒಪ್ಪಿಗೆ ಪತ್ರವನ್ನು ಕೇರಿಯಲ್ಲಿ ಆಡುವ ಮಾತಿನಲ್ಲಿ ಬರೆಸಿ, ಓದುಬಾರದ ಹಿರಿಯರೊಬ್ಬರಿಗೆ ಓದಿ ಹೇಳಿ, ಅವರು ತಮ್ಮ ಮಾತಿನಲ್ಲಿ ಅದನ್ನು ತಿರುಗಿ ಹೇಳಬಲ್ಲರೇ ನೋಡಿ. ಹೇಳಲಾಗದಿದ್ದರೆ ಪತ್ರವನ್ನೇ ತಿದ್ದಿ. ಚಿಕ್ಕ ಕೇರಿಯಲ್ಲಿ ಹೆಸರು ಅಳಿಸಿದರೂ ವಯಸ್ಸು ಮತ್ತು ಕಾಯಿಲೆಯಿಂದಲೇ ಮನುಷ್ಯರನ್ನು ಗುರುತಿಸಬಹುದು, ಆದ್ದರಿಂದ ಪ್ರಕಟಿಸುವಾಗ ಹಲವು ಕೇರಿಗಳ ಮಾಹಿತಿಯನ್ನು ಒಟ್ಟುಗೂಡಿಸಬೇಕು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಕುಡಗೋಲು ಕಣ (ಸಿಕಲ್ ಸೆಲ್) ರಕ್ತಹೀನತೆ ನಿರ್ಮೂಲನಾ ಅಭಿಯಾನದಂಥ ಅನುವಂಶಿಕ ಕಾಯಿಲೆಗಳ ಕೆಲಸದಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು, ಏಕೆಂದರೆ ಅಲ್ಲಿ ಹೊರಬಿದ್ದ ಒಂದು ಮಾತು ಹುಡುಗಿಯ ಮದುವೆಯ ತನಕ ಬೆನ್ನಟ್ಟುತ್ತದೆ. ನಾಟಿ ವೈದ್ಯರು ಹೇಳಿದ ಗಿಡದ ಹೆಸರನ್ನು ಪ್ರಬಂಧದಲ್ಲಿ ಹಾಕುವ ಮೊದಲು ಅವರ ಅನುಮತಿ ಕೇಳಬೇಕು, ಬೇಡವೆಂದರೆ ಬಿಡಬೇಕು.

ಹಂತ 9: ನಡುದಾರಿಯಲ್ಲಿ ಬಿಟ್ಟುಹೋಗದಂತೆ ನೋಡಿಕೊಳ್ಳಿ

ಮಳೆಗಾಲದಲ್ಲಿ ಮನೆಯ ಮಾಡು ಕುಸಿಯಬಹುದು, ತಂದೆಗೆ ಕಾಯಿಲೆಯಾಗಬಹುದು, ಮದುವೆಯ ಮಾತು ಬರಬಹುದು. ಒಂದು ಸೆಮಿಸ್ಟರ್ ಬಿಟ್ಟವರನ್ನು ಓದು ಬಿಟ್ಟವರೆಂದು ಬರೆದುಬಿಡಬೇಡಿ. ಮರಳಿ ಸೇರುವ ನಿಯಮ ಏನೆಂದು ವಿಶ್ವವಿದ್ಯಾಲಯದಲ್ಲಿ ಕೇಳಿ, ಕೊನೆಯ ದಿನಾಂಕವನ್ನು ಮನೆಗೆ ತಿಳಿಸಿ. ಒಬ್ಬ ವಿದ್ಯಾರ್ಥಿಗೆ ಒಬ್ಬರೇ ಮಾರ್ಗದರ್ಶಕರಿರುವುದು ಅಪಾಯಕರ. ವರ್ಗಾವಣೆಯಾದರೆ ಎಲ್ಲವೂ ನಿಲ್ಲುತ್ತದೆ, ಮತ್ತು ನಿಮ್ಮ ಬಗ್ಗೆಯೇ ದೂರು ಹೇಳಬೇಕಾದರೆ ಅವಳಿಗೆ ಬೇರೆ ಬಾಗಿಲಿರುವುದಿಲ್ಲ. ಎರಡನೆಯವರೊಬ್ಬರನ್ನು, ಸಾಧ್ಯವಾದರೆ ಮಹಿಳೆಯನ್ನು, ಮೊದಲ ದಿನದಿಂದಲೇ ಜೊತೆಗಿರಿಸಿ. ವಿದ್ಯಾರ್ಥಿಗಳು ಮೂರು ನಾಲ್ಕು ಮಂದಿ ಒಟ್ಟಿಗಿದ್ದರೆ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ಮನಸ್ಸು ಕುಗ್ಗಿದಂತೆ ಕಂಡರೆ ಉಪದೇಶ ಮಾಡದೆ ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲು ಪಕ್ಕದಲ್ಲಿ ಕುಳಿತು ನೆರವಾಗಿ.

ಹಂತ 10: ಫೆಲೋಶಿಪ್, ಶಿಫಾರಸು ಪತ್ರ, ಲೇಖಕರ ಹೆಸರು

ಐಸಿಎಂಆರ್‌ನ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪರೀಕ್ಷೆಗೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 55 ಅಂಕ ಬೇಕಾದರೆ ಪರಿಶಿಷ್ಟ ಪಂಗಡದವರಿಗೆ ಶೇ. 50 ಸಾಕು, ವಯಸ್ಸಿನಲ್ಲಿ ಐದು ವರ್ಷಗಳ ಸಡಿಲಿಕೆ ಇದೆ. ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯ ಪರಿಶಿಷ್ಟ ಪಂಗಡದ ಸಂಶೋಧನಾ ವಿದ್ಯಾರ್ಥಿಗಳಿಗೆ ವರ್ಷಕ್ಕೆ 750 ಹೊಸ ರಾಷ್ಟ್ರೀಯ ಫೆಲೋಶಿಪ್‌ಗಳನ್ನು ಕೊಡುತ್ತದೆ. ವಿದೇಶದಲ್ಲಿ ಓದಲು ಅದೇ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ವರ್ಷಕ್ಕೆ 20 ಸ್ಥಾನ, ಅವುಗಳಲ್ಲಿ 3 ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಮೀಸಲು. ಕರ್ನಾಟಕದಲ್ಲಿ ಆ ಗುಂಪಿಗೆ ಸೇರಿದವರು ಜೇನುಕುರುಬರು ಮತ್ತು ಕೊರಗರು. ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನೇ ಓದಿಸಿ.

ಶಿಫಾರಸು ಪತ್ರದಲ್ಲಿ ವಿದ್ಯಾರ್ಥಿಯ ಬಡತನದ ವರ್ಣನೆ ಬೇಡ. ಅವಳು ಯಾವ ಪ್ರಶ್ನೆ ಕೇಳಿದಳು, ಮಾಹಿತಿ ಹೇಗೆ ಸಂಗ್ರಹಿಸಿದಳು, ಯಾವ ದೋಷವನ್ನು ತಾನೇ ಕಂಡುಹಿಡಿದು ತಿದ್ದಿದಳು ಎಂಬುದನ್ನು ಬರೆಯಿರಿ. ಆಯ್ಕೆ ಮಾಡುವವರಿಗೆ ಬೇಕಾಗಿರುವುದು ಅದೇ. ಪಿಎಚ್.ಡಿ.ಗೆ ಸೇರುವ ಮುನ್ನ ಅಲ್ಲಿನ ಪಿಎಚ್.ಡಿ. ಮಾರ್ಗದರ್ಶಕರ ಹಿಂದಿನ ವಿದ್ಯಾರ್ಥಿಗಳಿಬ್ಬರೊಂದಿಗಾದರೂ ಫೋನಿನಲ್ಲಿ ಮಾತಾಡಿಸಿ: ಪ್ರಬಂಧ ಸಲ್ಲಿಸಲು ಎಷ್ಟು ವರ್ಷ ಹಿಡಿಯಿತು, ಫೆಲೋಶಿಪ್ ಹಣದ ಕಾಗದಗಳಿಗೆ ಸಹಿ ವೇಳೆಗೆ ಸರಿಯಾಗಿ ಬೀಳುತ್ತಿತ್ತೇ, ರಜೆ ಕೇಳಿದರೆ ಏನನ್ನುತ್ತಿದ್ದರು ಎಂದು ಕೇಳಲಿ.

ಲೇಖಕರ ಸಾಲಿನ ವಿಷಯವನ್ನು ಕೆಲಸ ಆರಂಭಿಸುವಾಗಲೇ ಮಾತಾಡಿ, ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿಟ್ಟುಕೊಳ್ಳಿ. ಪ್ರಶ್ನೆ ಅವಳದಾಗಿ, ಮಾಹಿತಿ ಅವಳು ತಂದು, ಮೊದಲ ಕರಡು ಅವಳು ಬರೆದಿದ್ದರೆ ಮೊದಲ ಹೆಸರು ಅವಳದೇ. ಕೇರಿಯಲ್ಲಿ ಮಾತಾಡಿಸಿದ್ದಕ್ಕೆ ಕೃತಜ್ಞತೆಯ ಸಾಲಿನಲ್ಲೊಂದು ಹೆಸರು ಹಾಕಿ ಮುಗಿಸುವುದು ಅನ್ಯಾಯ. ಪ್ರಬಂಧ ಅಚ್ಚಾದ ಮೇಲೆ ಅದರ ತಿರುಳನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ, ಮಾಹಿತಿ ಕೊಟ್ಟ ಮನೆಗಳಿಗೆ, ಆ ಭಾಗದ ಆಶಾ ಕಾರ್ಯಕರ್ತೆಗೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಅವಳೇ ಒಯ್ದು ವಿವರಿಸುವಂತೆ ದಿನ ಗೊತ್ತುಮಾಡಿ. ಅದರ ಬಸ್ ಖರ್ಚು ಮತ್ತು ಮುದ್ರಣದ ಖರ್ಚನ್ನು ಯೋಜನೆಯ ಮೂಲ ಬಜೆಟ್ಟಿನಲ್ಲೇ ಸೇರಿಸಿರಬೇಕು.